ನೀತಿ ಬದಲಾದಾಗ ಹಾಸನ, ಚಿಕ್ಕಮಗಳೂರಿನ ಖಾಸಗಿ ಕಾಲೇಜಿನ ಲೆಕ್ಕ ಎಲ್ಲಿ ತಪ್ಪುತ್ತೆ?

ಹೇಮಾವತಿ ದಂಡೆ (ಹಾಸನ)

ಖಾಸಗಿ ಕಾಲೇಜು ಅಂದ ತಕ್ಷಣ ಮಾತು ಡೊನೇಷನ್, ಮ್ಯಾನೇಜ್‌ಮೆಂಟ್ ಸೀಟಿನ ಸುತ್ತಲೇ ತಿರುಗುತ್ತೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳ ವಿಷಯದಲ್ಲಿ ಅದು ಸರಿ ಇರಬಹುದು. ನಮ್ಮ ಕಡೆ ಇರೋದು ಮುನ್ನೂರು, ನಾನೂರು ಮಕ್ಕಳ ಬಿಕಾಂ–ಬಿಸಿಎ ಕಾಲೇಜು, ಸಿವಿಲ್ ವಿಭಾಗ ಅರ್ಧವೂ ತುಂಬದ ಎಂಜಿನಿಯರಿಂಗ್ ಕಾಲೇಜು, 100 ಸೀಟಿನ ಬಿ.ಇಡಿ. ಇವಕ್ಕೆ ಪೆಟ್ಟು ಬೀಳುವ ಜಾಗವೇ ಬೇರೆ. ಆದೇಶ ಯಾವ ತಿಂಗಳಲ್ಲಿ ಬಂತು, ಸರ್ಕಾರದ ಪಾಲಿನ ಹಣ ಯಾರ ಖಾತೆಗೆ ಬಂತು, ಸೀಟು ಖಾಲಿ ಉಳಿದರೂ ಖರ್ಚು ಯಾಕೆ ಇಳಿಯಲ್ಲ: ಇದರ ಮೇಲೆ ಸಂಸ್ಥೆ ಉಳಿಯೋದು ಬಿಡೋದು ನಿಂತಿದೆ.

ಮುಂದಿನ ಸಾಲಿನ ಬಜೆಟ್ ಮಾಡುವ ಆಡಳಿತ ಮಂಡಳಿಗಳಿಗೆ ಉಪಯೋಗ ಆಗೋ ಹಾಗೆ ಈ ಚರ್ಚೆ ನಡೀಲಿ. ಲೆಕ್ಕ ವಿಭಾಗ, ಪ್ರವೇಶ ವಿಭಾಗ, ಸಂಯೋಜನೆ (ವಿಶ್ವವಿದ್ಯಾಲಯದ ಅಫಿಲಿಯೇಷನ್) ಕೆಲಸ ನೋಡುವವರು ಅಂಕಿ ಸಮೇತ ಬರೆಯಿರಿ. ನಮ್ಮ ಸಂಸ್ಥೆ ಹೀಗೆ, ನಿಮ್ಮದು ಹಾಗೆ ಅನ್ನೋ ಹೋಲಿಕೆ ಬೇಡ.

ಖಜಾನೆ ಕೊಠಡಿ (ಚನ್ನರಾಯಪಟ್ಟಣ)

ಮೊದಲು ವಿದ್ಯಾರ್ಥಿವೇತನದಿಂದ ಶುರು ಮಾಡೋಣ. ಸಣ್ಣ ಕಾಲೇಜಿನ ನಗದು ಹರಿವು ನಿಲ್ಲೋದು ಇಲ್ಲೇ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಈಗ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲಷ್ಟೇ ಕೇಂದ್ರದ ಪಾಲು ಹೊರಡುತ್ತೆ, ಅದೂ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಒಂದು ಕಾಲೇಜಲ್ಲಿ ಇಂಥ 40 ಮಕ್ಕಳಿದ್ದಾರೆ, ತಲಾ ಶುಲ್ಕ 30,000 ಅಂತ ಇಟ್ಟುಕೊಳ್ಳಿ. ಒಟ್ಟು 12 ಲಕ್ಷ. ಅದರಲ್ಲಿ ಕೇಂದ್ರದ ಪಾಲಿನ 7.2 ಲಕ್ಷ ಕಾಲೇಜಿನ ಕೈಗೆ ಬರಬೇಕಾದರೆ 40 ಮನೆಗಳಿಂದ ಒಂದೊಂದಾಗಿ ಬರಬೇಕು. ಜಮೆ ಆಗುವ ಹೊತ್ತಿಗೆ ಎಷ್ಟೋ ಮಕ್ಕಳು ಕೊನೆಯ ಸೆಮಿಸ್ಟರ್ ಮುಗಿಸಿ ಹೋಗಿರ್ತಾರೆ. ಮನೆಯಲ್ಲಿ ಸಾಲ, ಆಸ್ಪತ್ರೆ ಅಂತ ಆ ದುಡ್ಡು ಕರಗಿರುತ್ತೆ. ಅವರನ್ನ ದೂರಿ ಪ್ರಯೋಜನ ಇಲ್ಲ. ಹಣ ಹೋಗುವ ದಾರಿಯೇ ಹಾಗಿದೆ.

ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತೆ ಅನ್ನೋದು ಹೀಗಿದೆ. ವಿದ್ಯಾರ್ಥಿ ದಾಖಲೆಗಳನ್ನ ಮೊದಲು ಇ–ದೃಢೀಕರಣಕ್ಕೆ ಹಾಕಬೇಕು. ಕಾಲೇಜಿನ ಇ–ದೃಢೀಕರಣ ಅಧಿಕಾರಿ ಮೂಲ ಪ್ರತಿ ನೋಡಿ ಒಪ್ಪಿದ ಮೇಲೆ ಒಂದೊಂದು ದಾಖಲೆಗೂ ಒಂದು ಸಂಖ್ಯೆ ಬರುತ್ತೆ, ಅರ್ಜಿಯಲ್ಲಿ ಆ ಸಂಖ್ಯೆಯನ್ನೇ ತುಂಬೋದು. ಈ ಅಧಿಕಾರಿ ಬೇರೆ ಕೆಲಸದಲ್ಲಿದ್ದು ಹದಿನೈದು ದಿನ ಲಾಗಿನ್ ಆಗಲಿಲ್ಲ ಅಂದರೆ ಅಷ್ಟೂ ಅರ್ಜಿ ಅಲ್ಲೇ ಕೂತಿರುತ್ತೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಾಡಕಚೇರಿಯ ದಾಖಲೆಗೆ ತಾಳೆ ಆಗಬೇಕು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಪಿಯುಸಿಗೆ ಮಾಡಿಸಿದ್ದು ಪದವಿಯ ನಡುವೆ ಮುಗಿದಿರುತ್ತೆ, ಯಾರೂ ಗಮನಿಸಿರಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅಲ್ಲೂ ನಿಲ್ಲುತ್ತೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಬ್ಯಾಂಕ್ ಖಾತೆಯದ್ದು. ನೇರ ನಗದು ವರ್ಗಾವಣೆ ಹೋಗೋದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಮನೆಯವರ ಕೈಲಿರೋ ಪಾಸ್‌ಬುಕ್‌ಗೂ ಇದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಸಿಮ್ ತಗೊಳ್ಳುವಾಗಲೋ, ಇನ್ಯಾವುದೋ ಯೋಜನೆಗೋ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದ್ದರೆ ಹಣ ಅಲ್ಲಿಗೆ ಹೋಗಿ ಕೂರುತ್ತೆ. ಪ್ರವೇಶದ ದಿನವೇ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಬ್ಯಾಂಕ್ ತೋರಿಸುತ್ತೆ ಅಂತ ನೋಡಿ, ಬೇಡದ್ದು ಇದ್ದರೆ ಅದೇ ವಾರ ಬದಲಾಯಿಸಿಕೊಳ್ಳೋಕೆ ಹೇಳಬೇಕು. ಅರ್ಜಿ ಮಂಜೂರಾದ ಮೇಲೆ ಬದಲಾಯಿಸೋಕೆ ಹೋದರೆ ಇನ್ನೊಂದು ಸುತ್ತು ತಡ.

ಬಜೆಟ್‌ಗೆ ನನ್ನ ಸಲಹೆ: ವಿದ್ಯಾರ್ಥಿವೇತನದ ಶುಲ್ಕವನ್ನ ಆಯಾ ವರ್ಷದ ಆದಾಯ ಅಂತ ಹಿಡಿಯಲೇಬೇಡಿ. ಬಾಕಿ ಕಲಂನಲ್ಲಿ ಇಟ್ಟು, ಸಂಬಳವನ್ನ ಉಳಿದ ಶುಲ್ಕದ ಮೇಲೆ ಲೆಕ್ಕ ಹಾಕಿ. ಆಗ ಎಷ್ಟು ಉಪನ್ಯಾಸಕರನ್ನ ಇಟ್ಟುಕೊಳ್ಳೋಕೆ ಆಗುತ್ತೆ ಅನ್ನೋ ನಿಜ ಗೊತ್ತಾಗುತ್ತೆ.

ಸಕಲೇಶಪುರ ಘಾಟಿ

ಖಜಾನೆ ಸರ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ಬರೆಯಲೇಬೇಕು. ವಿದ್ಯಾರ್ಥಿವೇತನ ಬರಲಿಲ್ಲ ಅಂತ ಹಾಲ್ ಟಿಕೆಟ್ ತಡೆಯೋದು, ಪಿಯುಸಿ ಅಂಕಪಟ್ಟಿಯ ಮೂಲ ಪ್ರತಿ ಒತ್ತೆ ಇಟ್ಟುಕೊಳ್ಳೋದು ಈ ಎರಡೂ ಜಿಲ್ಲೆಯಲ್ಲಿ ನಡೆಯುತ್ತೆ. ಕೂಲಿ ಮಾಡೋ ತೋಟದ ಲೈನ್‌ಮನೆ ಮಕ್ಕಳಿಗೆ ಇದು ಓದು ಬಿಡುವ ಕಾರಣ ಆಗುತ್ತೆ. ಇದಕ್ಕೆ ನಿಯಮ ಏನು ಹೇಳುತ್ತೆ?

ಯಗಚಿ (ಬೇಲೂರು)

ನಿಯಮ ಸ್ಪಷ್ಟ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಕ್ಟೋಬರ್ ಅಧಿಸೂಚನೆ ಪ್ರಕಾರ ಯಾವ ಕಾಲೇಜೂ ಮೂಲ ದಾಖಲೆ ಇಟ್ಟುಕೊಳ್ಳೋ ಹಾಗಿಲ್ಲ. ಪ್ರವೇಶದ ವೇಳೆ ತಾಳೆ ನೋಡಿ, ದೃಢೀಕರಿಸಿದ ನಕಲು ಇಟ್ಟುಕೊಂಡು, ಮೂಲವನ್ನ ಅಲ್ಲೇ ವಾಪಸ್ ಕೊಡಬೇಕು. ಬಾಕಿ ವಸೂಲಿಗೆ ಬೇರೆ ದಾರಿ ಇದೆ: ಪ್ರವೇಶದ ವೇಳೆ ಬರವಣಿಗೆಯಲ್ಲಿ ಒಪ್ಪಿಗೆ, ಜಮೆಯಾದ ಮೇಲೆ ಕಟ್ಟಲು ಕಾಲಮಿತಿ, ಪೋಷಕರಿಗೆ ನೋಟಿಸ್. ದಾಖಲೆ ತಡೆ ಹಿಡಿಯೋದು ಆ ದಾರಿಗಳಲ್ಲಿ ಒಂದಲ್ಲ.

ಶುಲ್ಕ ವಾಪಸಿನ ಲೆಕ್ಕವೂ ಅದೇ ಅಧಿಸೂಚನೆಯಲ್ಲಿದೆ. ಪ್ರಕಟವಾದ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಶೇ 100, ಅದರಲ್ಲಿ ಪ್ರಕ್ರಿಯೆ ಶುಲ್ಕ ಅಂತ ಶೇ 5 ಮೀರದ, 5,000 ರೂಪಾಯಿ ದಾಟದ ಮೊತ್ತ ಮಾತ್ರ ಕಳೆಯಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದಾಗ ಶೇ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80. 15 ದಾಟಿ 30 ದಿನದೊಳಗೆ ಶೇ 50. ಆಮೇಲೆ ಇಲ್ಲ. 2024–25ನೇ ಸಾಲಿಗೆ ಇದಕ್ಕಿಂತ ಉದಾರವಾದ ಸೂಚನೆ ಬಂತು: ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮಾತ್ರ ಕಡಿತ. ವರ್ಷದ ಸುತ್ತೋಲೆ ಬಂದಿದ್ದರೆ ಅದನ್ನೇ ಮೊದಲು ನೋಡಬೇಕು. ಕಾಲೇಜು ಒಪ್ಪದಿದ್ದರೆ ಯುಜಿಸಿಯ ಇ–ಸಮಾಧಾನ್ ಪೋರ್ಟಲ್‌ನಲ್ಲಿ ರಸೀದಿ, ರದ್ದತಿ ಪತ್ರ, ಅದು ತಲುಪಿದ ದಿನಾಂಕದ ಪುರಾವೆ ಹಾಕಿ ದೂರು ಕೊಡಬಹುದು. ರದ್ದತಿಯನ್ನ ಬಾಯಲ್ಲಿ ಹೇಳಿ ಬಂದವರು ಸೋಲೋದು ಈ ದಿನಾಂಕದಲ್ಲೇ. ಪತ್ರಕ್ಕೆ ಸೀಲು ಹಾಕಿಸಿಕೊಳ್ಳಿ, ಇಲ್ಲವಾದರೆ ಇಮೇಲ್ ಮಾಡಿ.

ರಸೀದಿ ಇಲ್ಲದೆ ಪಡೆದ ಹಣ ಬೇರೆಯೇ ವಿಷಯ. ಅದಕ್ಕೆ 1984ರ ಕ್ಯಾಪಿಟೇಷನ್ (ಸೀಟಿಗಾಗಿ ಪಡೆಯುವ ಡೊನೇಷನ್) ಶುಲ್ಕ ನಿಷೇಧ ಕಾಯ್ದೆ ಇದೆ.

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ವಾಪಸಿನ ನಿಯಮ ವಿದ್ಯಾರ್ಥಿಗೆ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಕಾಲೇಜಿನ ಮೇಲೆ ಅದರ ಪರಿಣಾಮ ಏನು ಅಂತ ಮಾತ್ರ ಹೇಳ್ತೇನೆ. ಸೀಟು ಹಂಚುವ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಸುತ್ತುಗಳು, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟ) ಸುತ್ತುಗಳು ಎರಡೂ ಎಳೀತಾ ಹೋಗ್ತವೆ. ಮಗು ಮೊದಲು ಚಿಕ್ಕಮಗಳೂರಲ್ಲಿ ಸೇರಿ, ಎರಡನೇ ಸುತ್ತಲ್ಲಿ ಮೈಸೂರು, ವಿಸ್ತರಿತ ಸುತ್ತಲ್ಲಿ ಬೆಂಗಳೂರು ಅಂತ ಹೋಗ್ತದೆ. ಕೊನೆಗೆ ಖಾಲಿ ಆಗೂದು ಸಣ್ಣ ಊರಿನ ಸೀಟೇ, ಆಗ ತುಂಬಲು ಮಕ್ಕಳೇ ಉಳಿದಿರೂದಿಲ್ಲ.

ಸೀಟು ಹಂಚಿಕೆ ಗೊತ್ತಿಲ್ಲದವರಿಗೆ: ಅಲ್ಪಸಂಖ್ಯಾತವಲ್ಲದ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜಲ್ಲಿ ಶೇ 45 ಸರ್ಕಾರಿ ಕೋಟಾ, ಶೇ 30 ಕಾಮೆಡ್‌ಕೆ, ಶೇ 25 ಮ್ಯಾನೇಜ್‌ಮೆಂಟ್. 60 ಸೀಟಿನ ಒಂದು ಬ್ರಾಂಚಿಗೆ 27, 18, 15. ಇದರ ಮೇಲೆ ಹೆಚ್ಚುವರಿಯಾಗಿ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟು ಶೇ 5, ಅಂದರೆ 3. ಅದಕ್ಕೆ ಆದಾಯ ಮಿತಿ 8 ಲಕ್ಷ. ಸರ್ಕಾರಿ ಕೋಟಾದ ಶುಲ್ಕವನ್ನ ವಿದ್ಯಾರ್ಥಿ ಕೆಇಎಗೆ ಕಟ್ತಾನೆ, ಅಲ್ಲಿಂದ ಕಾಲೇಜಿಗೆ ಬರಬೇಕು. ಸೆಮಿಸ್ಟರ್ ಶುರುವಾಗಿ ಪಾಠ ನಡೀತಾ ಇರ್ತದೆ, ಹಣ ಆಮೇಲೆ.

ದೊಡ್ಡ ಏಟು ಬಿದ್ದಿದ್ದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) 2024–27ರ ಅನುಮೋದನಾ ಕೈಪಿಡಿಯಿಂದ. ಒಂದು ಬ್ರಾಂಚಲ್ಲಿ ಇಷ್ಟೇ ಸೀಟು ಅನ್ನುವ ಮೇಲ್ಮಿತಿಯನ್ನ ಉತ್ತಮ ಸಾಧನೆಯ ಸಂಸ್ಥೆಗಳಿಗೆ ತೆಗೆದರು. ಬೆಂಗಳೂರಿನ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಏರಿಸಿದವು. ಆ ಸೀಟು ತುಂಬುವ ಮಕ್ಕಳು ಎಲ್ಲಿಂದ ಬರ್ತಾರೆ? ಹಾಸನ, ಕಡೂರು, ಅರಸೀಕೆರೆಯಿಂದಲೇ. ಮೊದಲಾದರೆ ಅಲ್ಲಿ ಸೀಟು ಸಿಗದೆ ಇಲ್ಲಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ತಗೊಳ್ತಿದ್ದ ರ್‍ಯಾಂಕಿನವರು ಅವರು.

ಈಗ ಖರ್ಚಿನ ಕಡೆ ನೋಡಿ. ಅಧ್ಯಾಪಕ–ವಿದ್ಯಾರ್ಥಿ ಅನುಪಾತ 1:20. 60 ಸೀಟು, ನಾಲ್ಕು ವರ್ಷ ಅಂದರೆ 240, ಹಾಗಾಗಿ 12 ಅಧ್ಯಾಪಕರು. ದರ್ಜೆಯ ಅನುಪಾತ 1:2:6, ಅಂದರೆ ಆ 12ರಲ್ಲಿ ಸುಮಾರು ಒಬ್ಬ ಪ್ರೊಫೆಸರ್, ಮೂವರು ಅಸೋಸಿಯೇಟ್, ಎಂಟು ಅಸಿಸ್ಟೆಂಟ್. ಇದನ್ನ ಲೆಕ್ಕ ಹಾಕೂದು ಮಂಜೂರಾದ ಸೀಟಿನ ಮೇಲೆ, ತುಂಬಿದ ಸೀಟಿನ ಮೇಲಲ್ಲ. ಸಿವಿಲ್‌ಗೆ 60ಕ್ಕೆ 20 ಮಕ್ಕಳು ಸೇರಿದರೂ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಸ್ಥಳೀಯ ವಿಚಾರಣಾ ಸಮಿತಿ ಬಂದಾಗ 12 ಜನರನ್ನ ತೋರಿಸಬೇಕು. ಪ್ರಯೋಗಾಲಯದ ಯಂತ್ರಗಳು ಅಷ್ಟೇ, ವಿದ್ಯುತ್ ಅಷ್ಟೇ.

ಸರ್ಕಾರ ಶುಲ್ಕ ಏರಿಸಿದೆಯಲ್ಲ ಅಂತ ಕೇಳ್ತಾರೆ. 2024–25ಕ್ಕೆ ಶೇ 10, 2025–26ಕ್ಕೆ ಶೇ 7.5. ಶುಲ್ಕ 1 ಲಕ್ಷ ಅಂತ ಇಟ್ಟುಕೊಂಡರೆ 20 ಮಕ್ಕಳಿಂದ ಶೇ 7.5ರ ಹೆಚ್ಚುವರಿ 1.5 ಲಕ್ಷ, ಇಡೀ ವರ್ಷಕ್ಕೆ. ಏಳನೇ ವೇತನ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆರಂಭಿಕ ಮೂಲವೇತನ 57,700. ಒಬ್ಬರ ಮೂರು ತಿಂಗಳ ಮೂಲವೇತನಕ್ಕೂ ಅದು ಸಾಲೂದಿಲ್ಲ. ಶುಲ್ಕ ಏರಿಕೆಯಿಂದ ಲಾಭ ಸೀಟು ತುಂಬಿದ ಕಾಲೇಜಿಗೆ. ತುಂಬದ ಕಾಲೇಜಿಗೆ ಅದೇ ಏರಿಕೆ ಇನ್ನಷ್ಟು ಮಕ್ಕಳನ್ನ ದೂರ ಮಾಡ್ತದೆ. ಪರಿಣಾಮ ಎಲ್ಲರಿಗೂ ಗೊತ್ತಿರೂದೇ: ಶ್ರೇಣಿಯ ವೇತನ ಕಾಗದದಲ್ಲಿ ಉಳಿದು, ಕೈಗೆ ಅದರ ಅರ್ಧ ಕೊಡುವ ಸಂಸ್ಥೆಗಳು ಹೆಚ್ಚಾದವು. ಪಿಎಚ್‌ಡಿ ಮಾಡಿದವರು ಎರಡು ವರ್ಷ ಇದ್ದು ಬೆಂಗಳೂರಿಗೆ ಹೋಗ್ತಾರೆ. ಕಷ್ಟದಲ್ಲಿರುವ ಕಾಲೇಜು ತನ್ನ ಅಧ್ಯಾಪಕರ ಬೆನ್ನ ಮೇಲೆ ಬದುಕೂದು ತಪ್ಪು. ಅದನ್ನ ನೀತಿಯ ಹೆಸರಲ್ಲಿ ಸಮರ್ಥಿಸಬಾರದು.

ಹೇಮಾವತಿ ದಂಡೆ (ಹಾಸನ)

ಹಾಗಾದರೆ ತುಂಬದ ಬ್ರಾಂಚಿಗೆ ದಾರಿ ಏನು ಸರ್? ಮುಚ್ಚೋದಾ, ಸೀಟು ಇಳಿಸೋದಾ?

ಮುಳ್ಳಯ್ಯನಗಿರಿ (ಚಿಕ್ಕಮಗಳೂರು)

ಮೊದಲು ಇಳಿಸೂದು. ಎಐಸಿಟಿಇ ವಾರ್ಷಿಕ ಅನುಮೋದನೆ ವಿಸ್ತರಣೆಯ ಅರ್ಜಿ ತೆರೆದಾಗಲೇ 60ರಿಂದ 30ಕ್ಕೆ ಅಂತ ಹಾಕಬೇಕು. ಆ ಕಿಟಕಿ ಮುಚ್ಚಿದ ಮೇಲೆ ಇನ್ನೊಂದು ವರ್ಷ ಕಾಯೂದೇ. 30 ಸೀಟು ಅಂದರೆ ನಾಲ್ಕು ವರ್ಷ ಕಳೆದ ಮೇಲೆ 120 ಮಕ್ಕಳು, 6 ಅಧ್ಯಾಪಕರು. ಈ ಇಳಿಕೆ ಒಂದೇ ಸಲ ಆಗೂದಿಲ್ಲ, ಹಳೆಯ ಬ್ಯಾಚು ಹೊರಗೆ ಹೋದ ಹಾಗೆ ಆಗ್ತದೆ. ಬಜೆಟ್‌ನಲ್ಲಿ ಅದನ್ನ ಮರೆಯಬಾರದು.

ಮುಚ್ಚೂದಾದರೆ ಹಂತ ಹಂತದ ಮುಚ್ಚುವಿಕೆ. ಮೊದಲ ವರ್ಷಕ್ಕೆ ಪ್ರವೇಶ ನಿಲ್ಲಿಸಿ, ಒಳಗಿರುವ ಬ್ಯಾಚುಗಳು ಮುಗಿಯೂವರೆಗೆ ವಿಭಾಗ ನಡೆಸಬೇಕು. ವಿಶ್ವವಿದ್ಯಾಲಯದ ಮತ್ತು ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು. ಬ್ಯಾಕ್‌ಲಾಗ್ ಇರುವ ಮಕ್ಕಳ ವ್ಯವಸ್ಥೆ ಆಗಬೇಕು. ಆದರೆ ಸಿವಿಲ್ ಮುಚ್ಚುವ ಮೊದಲು ಯೋಚಿಸಿ. ಎತ್ತಿನಹೊಳೆ, ರಾಷ್ಟ್ರೀಯ ಹೆದ್ದಾರಿ, ಭೂಕುಸಿತ ತಡೆಯುವ ಕಾಮಗಾರಿ ಎಲ್ಲ ನಡೀತಿರೂದು ನಮ್ಮ ಘಟ್ಟದಲ್ಲೇ. ಇಲ್ಲಿನ ಮಣ್ಣು, ಮಳೆ ಗೊತ್ತಿರುವ ಎಂಜಿನಿಯರ್ ಇಲ್ಲೇ ತಯಾರಾಗಬೇಕು.

ಯಗಚಿ (ಬೇಲೂರು)

ಈ 45–30–25 ಎಲ್ಲಿಂದ ಬಂತು ಅನ್ನೋದು ಗೊತ್ತಿದ್ದರೆ ಮುಂದೆ ಏನಾಗಬಹುದು ಅನ್ನೋದೂ ಗೊತ್ತಾಗುತ್ತೆ, ಅದಕ್ಕೇ ಸ್ವಲ್ಪ ವಿವರ.

1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ್ದು, ಕ್ಯಾಪಿಟೇಷನ್ ವಿರುದ್ಧ. 1993ರ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಪೇಮೆಂಟ್ ಸೀಟು ಅಂತ ವಿಂಗಡಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನ ಬಿಟ್ಟು, ಅನುದಾನರಹಿತ ಸಂಸ್ಥೆ ತನ್ನ ಶುಲ್ಕ ತಾನೇ ನಿಗದಿ ಮಾಡಬಹುದು, ಅಭಿವೃದ್ಧಿಗೆ ಬೇಕಾದಷ್ಟು ಮಿಗತೆ ಇರಬಹುದು, ಲಾಭಕೋರತನ ಮತ್ತು ಕ್ಯಾಪಿಟೇಷನ್ ಕೂಡದು ಎಂದಿತು. 2005ರ ಇನಾಮ್‌ದಾರ್ ತೀರ್ಪು ಇನ್ನೂ ಮುಂದೆ ಹೋಗಿ, ಅನುದಾನ ಪಡೆಯದ ಕಾಲೇಜಿನ ಮೇಲೆ ಸರ್ಕಾರ ತನ್ನ ಸೀಟು ಕೋಟಾ ಹೇರುವ ಹಾಗಿಲ್ಲ, ಒಪ್ಪಂದದಿಂದ ಬೇಕಾದರೆ ಹಂಚಿಕೊಳ್ಳಬಹುದು ಎಂದಿತು. ಅದಕ್ಕೆ ಉತ್ತರವಾಗಿ ಸಂಸತ್ತು ಸಂವಿಧಾನಕ್ಕೆ 93ನೇ ತಿದ್ದುಪಡಿ ತಂದು, ಖಾಸಗಿ ಕಾಲೇಜಲ್ಲೂ ಮೀಸಲಾತಿಗೆ ದಾರಿ ಮಾಡುವ 15(5)ನೇ ವಿಧಿ ಸೇರಿಸಿತು.

ಕರ್ನಾಟಕ 2006ರಲ್ಲಿ ಪ್ರವೇಶ ಮತ್ತು ಶುಲ್ಕ ನಿಯಂತ್ರಣಕ್ಕೆ ಕಾಯ್ದೆಯನ್ನೇನೋ ಮಾಡಿತು. ಆದರೆ ಅದನ್ನ ಪಕ್ಕಕ್ಕಿಟ್ಟು ಸರ್ಕಾರ ಮತ್ತು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸಂಘ ಒಪ್ಪಂದಕ್ಕೆ ಬರುವ ಪದ್ಧತಿಯೇ ಬೆಳೆದು ಬಂತು. ಸೀಟಿನ ಪ್ರಮಾಣ, ಶುಲ್ಕ ಎರಡೂ ಆ ಮೇಜಿನ ಮೇಲೆ ತೀರ್ಮಾನ ಆಗೋದು. ಆ ಮೇಜಲ್ಲಿ ದನಿ ದೊಡ್ಡದಿರೋದು ರಾಜಧಾನಿಯ ಸಂಸ್ಥೆಗಳದ್ದು. ಹಾಸನದ ಕಾಲೇಜಿಗೆ ಬೇಕಾದದ್ದು ಶುಲ್ಕ ಏರಿಕೆ ಅಲ್ಲ, ಕೆಇಎ ಹಣ ಬೇಗ ಬರೋದು ಮತ್ತು ಅನುಪಾತವನ್ನ ತುಂಬಿದ ಸೀಟಿನ ಮೇಲೆ ಲೆಕ್ಕ ಹಾಕೋದು. ಈ ಎರಡು ಬೇಡಿಕೆ ಜಿಲ್ಲೆಗಳ ಕಾಲೇಜುಗಳು ಒಟ್ಟಾಗಿ ಬರವಣಿಗೆಯಲ್ಲಿ ಕೊಟ್ಟರೆ ಮಾತ್ರ ಮೇಜಿಗೆ ಬರುತ್ತೆ.

ಇನ್ನೊಂದು. ಹಾಸನದಲ್ಲೇ 1960ರಲ್ಲಿ ಶುರುವಾದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜನ್ನ ನೋಡಿ. ಕೇಂದ್ರ, ರಾಜ್ಯ ಮತ್ತು ಮಲ್ನಾಡ್ ತಾಂತ್ರಿಕ ಶಿಕ್ಷಣ ಸಂಘ ಸೇರಿ ಕಟ್ಟಿದ್ದು. ಅನುದಾನ ಅನ್ನುವ ನೀತಿ ಇದ್ದ ಕಾಲದ ಫಲ ಅದು. ಸಂಬಳ ಸರ್ಕಾರದ್ದು, ಆಡಳಿತ ಸಂಘದ್ದು. ಆಮೇಲೆ ಬಂದ ಕಾಲೇಜುಗಳಿಗೆ ಆ ಬಾಗಿಲು ಮುಚ್ಚಿತ್ತು. ಖಾಸಗಿ ಅಂತ ಒಂದೇ ಮಾತಲ್ಲಿ ಎಲ್ಲರನ್ನೂ ಸೇರಿಸಿದರೆ ಈ ವ್ಯತ್ಯಾಸ ಮರೆಯಾಗುತ್ತೆ. ಹಳೆಯ ಅನುದಾನಿತ ಕಾಲೇಜುಗಳ ಕಷ್ಟ ಬೇರೆ ಥರದ್ದು: ನಿವೃತ್ತಿಯಾದವರ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದು ಬರೋವರೆಗೆ ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು.

ಗೊರೂರು ರಸ್ತೆ (ಹಾಸನ)

ಪದವಿ ಕಾಲೇಜಿನ ಕಡೆಗೆ ಬರೋಣ. 2021–22ರಲ್ಲಿ ದೇಶದಲ್ಲಿ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಜಾರಿ ಮಾಡಿದ್ದು ಕರ್ನಾಟಕ. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿಯ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧರಿಸಿ, ಅದೇ ಸಾಲಿನಿಂದ ಮೂರು ವರ್ಷದ ಪದವಿಗೆ ವಾಪಸ್ ಅಂತ ಆದೇಶ ಬಂತು. ದ್ವಿತೀಯ ಪಿಯು ಫಲಿತಾಂಶ ಏಪ್ರಿಲ್‌ನಲ್ಲೇ ಬಂದಿತ್ತು. ಪ್ರಾಸ್ಪೆಕ್ಟಸ್ ಮುದ್ರಣ ಆಗಿ, ಪೋಷಕರಿಗೆ ನಾಲ್ಕು ವರ್ಷದ ಆನರ್ಸ್ ಅಂತ ಹೇಳಿದ ಮೇಲೆ ಬಂದ ಆದೇಶ ಅದು. ಮೂರು ವರ್ಷ ಬೇಕಾ ನಾಲ್ಕು ಬೇಕಾ ಅನ್ನೋದರಲ್ಲಿ ಎರಡೂ ಕಡೆ ವಾದ ಇದೆ. ನನ್ನ ಆಕ್ಷೇಪ ತಿಂಗಳಿನ ಬಗ್ಗೆ. ಪಠ್ಯಕ್ರಮ ಬದಲಾವಣೆ ಹಿಂದಿನ ಡಿಸೆಂಬರ್ ಒಳಗೆ ಗೊತ್ತಾಗದಿದ್ದರೆ ಪುಸ್ತಕ, ವೇಳಾಪಟ್ಟಿ, ಉಪನ್ಯಾಸಕರ ನೇಮಕ ಯಾವುದೂ ಸರಿಹೋಗಲ್ಲ.

2025–26ರಲ್ಲಿ ಮೊದಲ ಎರಡು ವರ್ಷ ರಾಜ್ಯ ಪಠ್ಯಕ್ರಮ, ಮೂರನೇ ವರ್ಷ ಎನ್‌ಇಪಿ ಪಠ್ಯಕ್ರಮ. ಎರಡನ್ನೂ ಒಂದೇ ಅಧ್ಯಾಪಕ ಬಳಗ ನಡೆಸಬೇಕಾಗಿ ಬಂತು. ಯುಜಿಸಿ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ. ವಿಷಯ ಸಂಯೋಜನೆ ಬದಲಾದಾಗ 16 ಗಂಟೆ ಇದ್ದವರಿಗೆ 10 ಉಳಿಯುತ್ತೆ, ಪಕ್ಕದ ವಿಭಾಗದಲ್ಲಿ 22 ಆಗುತ್ತೆ. ದೊಡ್ಡ ಕಾಲೇಜಿನಲ್ಲಿ ಒಂದು ವಿಭಾಗಕ್ಕೆ ಐದಾರು ಜನ ಇರೋದರಿಂದ ಹಂಚಿಕೊಳ್ಳಬಹುದು. ಒಂದು ವಿಷಯಕ್ಕೆ ಒಬ್ಬರೇ ಇರುವ ಕಾಲೇಜಲ್ಲಿ ಆ 10 ಗಂಟೆಯವರು ಅರೆಕಾಲಿಕ ಆಗಿಬಿಡ್ತಾರೆ. ಸಂಬಳ ಕಡಿತ ಆಗುತ್ತೆ. ಅದಕ್ಕೇ ಹೊಸ ವೇಳಾಪಟ್ಟಿ ಮಾಡುವಾಗ ಮೊದಲು ಸೆಮಿಸ್ಟರ್‌ವಾರು ಗಂಟೆಯ ಕೋಷ್ಟಕ ಮಾಡಿ, ಸಮ ಮತ್ತು ಬೆಸ ಸೆಮಿಸ್ಟರ್ ಸೇರಿಸಿ ವಾರ್ಷಿಕ ಸರಾಸರಿ ತೆಗೆಯಿರಿ. ಒಂದು ಸೆಮಿಸ್ಟರಿನ ಕೊರತೆ ನೋಡಿ ಜನರನ್ನ ತೆಗೆಯೋದು ಅನ್ಯಾಯ, ಮುಂದಿನ ಸೆಮಿಸ್ಟರಿಗೆ ಅವರೇ ಬೇಕಾಗ್ತಾರೆ.

ಯುಯುಸಿಎಂಎಸ್ (ವಿವಿ, ಕಾಲೇಜುಗಳ ಪ್ರವೇಶ, ಪರೀಕ್ಷೆ ನಡೆಯುವ) ತಂತ್ರಾಂಶದಲ್ಲಿ ಕೆಲಸ ಮಾಡೋರಿಗೆ ಒಂದು ಎಚ್ಚರಿಕೆ. ವಿಷಯ ಸಂಯೋಜನೆಗಳನ್ನ ಪ್ರವೇಶ ತೆರೆಯುವ ಮೊದಲೇ ಕಾಲೇಜು ಲಾಗಿನ್‌ನಲ್ಲಿ ಜೋಡಿಸಿ, ವಿಶ್ವವಿದ್ಯಾಲಯ ಒಪ್ಪಿದೆಯಾ ಅಂತ ನೋಡಿ. ತಪ್ಪು ಸಂಯೋಜನೆಯಲ್ಲಿ ಸೇರಿಸಿದ ಮಗುವಿಗೆ ಪರೀಕ್ಷಾ ಅರ್ಜಿ ಹೊತ್ತಲ್ಲಿ ಆ ಪತ್ರಿಕೆಯೇ ಕಾಣಿಸಲ್ಲ. ಆಂತರಿಕ ಅಂಕ ತುಂಬುವ ದಿನ ಮುಗಿಯುವ ಮೊದಲು ಮುದ್ರಿಸಿ ಅಧ್ಯಾಪಕರ ಸಹಿ ತಗೊಳ್ಳಿ. ಅಂಕ ಬಿಟ್ಟುಹೋದ ಮಗು ಅನುತ್ತೀರ್ಣ ಅಂತ ಬಂದರೆ ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯುತ್ತೆ.

ಇನ್ನು ಹಾಸನ ವಿಶ್ವವಿದ್ಯಾಲಯ. ಮೈಸೂರು ವಿವಿಯ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವೇ 2023ರಲ್ಲಿ ಜಿಲ್ಲೆಯ ವಿವಿ ಆಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಇಂಥ ಒಂಬತ್ತು ಹೊಸ ವಿವಿಗಳನ್ನ ಮುಚ್ಚುವ ಶಿಫಾರಸು ಮಾಡಿತು, ಹಾಸನವೂ ಅದರಲ್ಲಿತ್ತು. ಸಂಯೋಜಿತ ಕಾಲೇಜುಗಳಿಗೆ ಇದರ ನೇರ ಪರಿಣಾಮ ಪ್ರವೇಶದ ಮೇಜಿನಲ್ಲಿ: "ನಮ್ಮ ಮಗಳ ಡಿಗ್ರಿ ಯಾವ ಯೂನಿವರ್ಸಿಟಿದು ಆಗುತ್ತೆ?" ಅಂತ ಪೋಷಕರು ಕೇಳ್ತಾರೆ. ಉತ್ತರ ನೇರವಾಗಿ ಕೊಡಿ. ಕಾನೂನಿನ ಮೂಲಕ ಸ್ಥಾಪನೆಯಾದ ವಿವಿ ಕೊಟ್ಟ ಪದವಿ ಮಾನ್ಯವೇ. ಮುಂದೆ ವಿಲೀನ ಆದರೂ ಆವರೆಗೆ ಕೊಟ್ಟ ಅಂಕಪಟ್ಟಿಗೆ ಬೆಲೆ ಹೋಗಲ್ಲ. ಮೈಸೂರು ವಿವಿಯಲ್ಲಿ ಶುರುಮಾಡಿ ಬ್ಯಾಕ್‌ಲಾಗ್ ಉಳಿಸಿಕೊಂಡವರು ತಮ್ಮ ನೋಂದಣಿ ಸಂಖ್ಯೆ ಯಾವ ವಿವಿಯದ್ದು ಅಂತ ನೋಡಿ ಅಲ್ಲಿಗೇ ಪರೀಕ್ಷಾ ಅರ್ಜಿ ಹಾಕಬೇಕು.

ಬಾಬಾಬುಡನ್ ತಪ್ಪಲು (ಚಿಕ್ಕಮಗಳೂರು)

ಆ ವಿಷಯದಲ್ಲಿ ನಮ್ಮ ಜಿಲ್ಲೆಗೆ ಸ್ವಲ್ಪ ನೆಮ್ಮದಿ, ಕುವೆಂಪು ವಿವಿ 1987ರಿಂದ ಇದೆ. ನಮಗಿರೂದು ದೂರದ ಕಷ್ಟ. ಕೊಪ್ಪ, ಶೃಂಗೇರಿಯವರು ವಿವಿ ಇರುವ ಶಂಕರಘಟ್ಟಕ್ಕೆ ಒಂದು ಸಹಿಗೆ ಹೋದರೆ ದಿನ ಹೋಯ್ತು.

ಬಸ್ಸಿನ ವಿಷಯ ಯಾರೂ ಬರೆಯಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಅರಕಲಗೂಡು, ಆಲೂರು, ಹೊಳೆನರಸೀಪುರದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಲ್ಲಿ ಹಣ ಕೊಡದೆ ಹಾಸನಕ್ಕೆ ಬಂದು ಓದಬಹುದು. ತುಂಬ ಒಳ್ಳೆಯದು ಅದು. ಆದರೆ ಮಲೆನಾಡಿನ ಒಳಗೆ ಓಡೂದು ಹೆಚ್ಚಿಗೆ ಖಾಸಗಿ ಬಸ್ಸು, ಅಲ್ಲಿ ಶಕ್ತಿ ಇಲ್ಲ. ಕಳಸ, ಬಾಳೆಹೊನ್ನೂರು ಕಡೆಯ ಹುಡುಗಿಗೆ ಹಾಸ್ಟೆಲ್ ಅಥವಾ ದಿನದ ಟಿಕೆಟ್. ತಾಲ್ಲೂಕಿನ ಸಣ್ಣ ಖಾಸಗಿ ಕಾಲೇಜು ಮುಚ್ಚಿದರೆ ಆ ಮಗು ಜಿಲ್ಲಾ ಕೇಂದ್ರಕ್ಕೆ ಹೋಗೂದಿಲ್ಲ, ಓದೇ ನಿಲ್ತದೆ. ಯಾವ ಕಾಲೇಜು ಉಳಿಯಬೇಕು ಅನ್ನುವಾಗ ಮಕ್ಕಳ ಸಂಖ್ಯೆ ಮಾತ್ರ ನೋಡಿದರೆ ಇದು ಕಾಣೂದಿಲ್ಲ.

ಖಜಾನೆ ಕೊಠಡಿ (ಚನ್ನರಾಯಪಟ್ಟಣ)

ಬಜೆಟ್‌ನಲ್ಲಿ ಬಿಟ್ಟುಹೋಗುವ ಎರಡು ಬಾಬ್ತು ಹೇಳಿಬಿಡ್ತೀನಿ.

ಒಂದು, ಸಂಯೋಜನಾ ಶುಲ್ಕದ ಮೇಲೆ ಜಿಎಸ್‌ಟಿ. ವಿವಿಗಳು ಕಾಲೇಜುಗಳಿಗೆ ಕೊಡುವ ಸಂಯೋಜನೆ ಸೇವೆಗೆ ವಿನಾಯಿತಿ ಇಲ್ಲ, ಶೇ 18 ತೆರಿಗೆ ಇದೆ ಅಂತ 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟನೆ ಬಂತು. ವಿದ್ಯಾರ್ಥಿ ಕಟ್ಟುವ ಬೋಧನಾ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಾಲೇಜು ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ಟೂ (ಕಟ್ಟಿದ ತೆರಿಗೆ ಹೊಂದಿಸಿಕೊಳ್ಳೋದು) ಇಲ್ಲ. ಎಲ್ಲ ಕೋರ್ಸಿನ ಸಂಯೋಜನಾ ಶುಲ್ಕ ಸೇರಿ 5 ಲಕ್ಷ ಆದರೆ 90,000 ನೇರ ಖರ್ಚು. ಹಾಸ್ಟೆಲ್‌ಗೆ ಮಾತ್ರ, ತಿಂಗಳಿಗೆ ಒಬ್ಬರಿಗೆ 20,000 ಮೀರದೆ, ಕನಿಷ್ಠ 90 ದಿನ ಬಿಡದೆ ವಾಸ ಇದ್ದರೆ ವಿನಾಯಿತಿ ಇದೆ.

ಎರಡು, ಗ್ರಾಚ್ಯುಟಿ. ಶಿಕ್ಷಕರೂ ಕಾಯ್ದೆಯೊಳಗೆ ಬರ್ತಾರೆ ಅಂತ 2009ರ ತಿದ್ದುಪಡಿ, 1997ರಿಂದ ಪೂರ್ವಾನ್ವಯ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿಯಿತು. ಲೆಕ್ಕ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ, ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. 26,000 ವೇತನ, 20 ವರ್ಷ ಸೇವೆ ಅಂದರೆ 3 ಲಕ್ಷ. ಹಳೆಯ ಕಾಲೇಜಲ್ಲಿ ಒಂದೇ ವರ್ಷ ನಾಲ್ಕು ಜನ ನಿವೃತ್ತಿಯಾದರೆ 12 ಲಕ್ಷ ಒಟ್ಟಿಗೆ ಬೇಕು. ಜೀವ ವಿಮಾ ನಿಗಮದ ಗುಂಪು ಗ್ರಾಚ್ಯುಟಿಯಂಥ ಯೋಜನೆಗೆ ವರ್ಷ ವರ್ಷ ಕಟ್ಟುತ್ತಾ ಬಂದರೆ ಆ ದಿನ ತೊಂದರೆ ಆಗಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವರು ತಮ್ಮ ಹಕ್ಕಿನ ಹಣಕ್ಕೆ ಕಾರ್ಮಿಕ ಇಲಾಖೆ ಮೆಟ್ಟಿಲು ಹತ್ತೋ ಹಾಗೆ ಮಾಡಬಾರದು.

ಕಡೂರು ಜಂಕ್ಷನ್

ಬಿಬಿಎ, ಬಿಸಿಎ ಇರೋ ಪದವಿ ಕಾಲೇಜುಗಳು 2024–25ರಿಂದ ಎಐಸಿಟಿಇ ಕೆಳಗೆ ಬಂದವಲ್ಲ, ಅಲ್ಲಿ ಜಾಸ್ತಿ ಜನ ಸಿಕ್ಕಿಬೀಳೋದು ಕಟ್ಟಡದ ಕಾಗದದಲ್ಲಿ. ವಿವಿ ಸಂಯೋಜನೆಗೆ ಸಾಕಾಗಿದ್ದ ಗ್ರಾಮ ಪಂಚಾಯ್ತಿ ಪರವಾನಗಿ ಇಲ್ಲಿ ಪ್ರಶ್ನೆಗೆ ಬರುತ್ತೆ. ನಕ್ಷೆಗೆ ಸಕ್ಷಮ ಪ್ರಾಧಿಕಾರದ ಒಪ್ಪಿಗೆ, ಅಗ್ನಿಶಾಮಕ ಇಲಾಖೆಯ ಪತ್ರ, ಜಮೀನು ಟ್ರಸ್ಟಿನ ಹೆಸರಲ್ಲಿ ಇರೋ ದಾಖಲೆ, ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಶೈಕ್ಷಣಿಕ ಉದ್ದೇಶಕ್ಕೆ ಪರಿವರ್ತನೆ ಆದೇಶ ಇವಿಷ್ಟು ಮೊದಲು ಕೈಲಿರಲಿ. ಜಮೀನು ಅಧ್ಯಕ್ಷರ ಸ್ವಂತ ಹೆಸರಲ್ಲಿದ್ದು, ಟ್ರಸ್ಟಿನ ಹೆಸರಿಗೆ ಬರೆಸದೇ ಇದ್ದ ಕಡೆ ಎಲ್ಲ ಕೆಲಸ ನಿಲ್ಲುತ್ತೆ. ಮಲೆನಾಡು ಕಡೆ ಹೊಸ ಜಾಗ ನೋಡುವವರು ಸರ್ವೆ ನಂಬರು ಡೀಮ್ಡ್ ಅರಣ್ಯ (ಅರಣ್ಯ ಅಂತಲೇ ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯಾ ಅಂತ ಮುಂಗಡ ಕೊಡೋ ಮೊದಲೇ ವಿಚಾರಿಸಿ.

ಬಿ.ಇಡಿ ನಡೆಸೋರಿಗೆ ಒಂದೇ ಮಾತು: ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಕೇಳಿದ ಕಾರ್ಯಕ್ಷಮತಾ ವರದಿಯನ್ನ ಕೊನೆಯ ದಿನದೊಳಗೆ ಹಾಕಿ, ಸಲ್ಲಿಕೆಯ ಸ್ವೀಕೃತಿ ಇಟ್ಟುಕೊಳ್ಳಿ. ವರದಿ ಹಾಕದ್ದಕ್ಕೇ ಮಾನ್ಯತೆ ಕಳೆದುಕೊಂಡ ಕಾಲೇಜುಗಳು ದೇಶದ ತುಂಬ ಇವೆ.

ಸಕಲೇಶಪುರ ಘಾಟಿ

ಖಜಾನೆ ಸರ್, ಕೊನೆಯ ಪ್ರಶ್ನೆ. ಆಧಾರ್ ಜೋಡಣೆ ಬದಲಾಯಿಸಿದ್ದಾರೆ, ರಾಜ್ಯದ ಪಾಲು ಬಂದಿದೆ, ಕೇಂದ್ರದ್ದು ಬಂದಿಲ್ಲ. ಎಲ್ಲಿ ವಿಚಾರಿಸಬೇಕು?

ಖಜಾನೆ ಕೊಠಡಿ (ಚನ್ನರಾಯಪಟ್ಟಣ)

ಮೊದಲು ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿ ನೋಡಿ. ಅಲ್ಲಿ ರಾಜ್ಯದ ಪಾಲು ಪಾವತಿ ಅಂತ ಇದ್ದರೆ ಮುಂದಿನದು ಕೇಂದ್ರದ ಪಾವತಿಗಳನ್ನ ತೋರಿಸುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ಬ್ಯಾಂಕ್ ಹೆಸರು, ಖಾತೆ ಸಂಖ್ಯೆ ಹಾಕಿ ಪಾವತಿ ಹುಡುಕೋದು. ಅದಕ್ಕೆ ಈಗ ಆಧಾರ್ ಜೋಡಣೆ ಇರುವ ಖಾತೆ ಹಾಕಬೇಕು, ಹಳೆಯದ್ದಲ್ಲ. ಪಾವತಿ ತಿರಸ್ಕೃತ ಅಂತ ಕಂಡರೆ ಅದರ ಮುದ್ರಿತ ಪ್ರತಿ, ಅರ್ಜಿಯ ಸಂಖ್ಯೆ, ಬ್ಯಾಂಕಿನಿಂದ ಜೋಡಣೆ ಆಗಿದೆ ಅನ್ನುವ ಪತ್ರ ಈ ಮೂರನ್ನೂ ತಗೊಂಡು ತಾಲ್ಲೂಕು ಸಮಾಜ ಕಲ್ಯಾಣ ಅಧಿಕಾರಿ ಕಚೇರಿಗೆ ಹೋಗಿ. ಏನೂ ಕಾಣಿಸದಿದ್ದರೆ ಹಣ ಇನ್ನೂ ಹೊರಟಿಲ್ಲ ಅಂತ ಅರ್ಥ. ಆಗ ಕಾಲೇಜಿನಿಂದಲೇ ಬಾಕಿ ಇರುವ ಎಲ್ಲ ಮಕ್ಕಳ ಪಟ್ಟಿಯನ್ನ ಅರ್ಜಿ ಸಂಖ್ಯೆ ಸಮೇತ ಒಟ್ಟಿಗೆ ಕೊಡಿಸಿ. ಒಬ್ಬೊಬ್ಬರೇ ಹೋಗಿ ಕೇಳೋದಕ್ಕಿಂತ ಅದು ಬೇಗ ಸಾಗುತ್ತೆ, ಮಕ್ಕಳಿಗೆ ಒಂದು ದಿನದ ಕೂಲಿಯೂ ತಪ್ಪಲ್ಲ.